ಕಾಣದ ಅಚ್ಚು

ಓಣಿಯಲ್ಲಿ ಅವಳನ್ನು ಎಲ್ಲರೂ ಕರಿಗೈ ಎಂದೇ ಕರೆಯುತ್ತಿದ್ದರು. ಹಾಲಿನವಳು ಹಾಗೇ ಕೂಗುತ್ತಿದ್ದಳು, ಎದುರುಮನೆಯ ಮಕ್ಕಳೂ ಹಾಗೇ ಕೂಗುತ್ತಿದ್ದವು. ಹೆತ್ತವರು ಇಟ್ಟ ಹೆಸರು ಒಂದಿತ್ತು, ಆದರೆ ಅದು ಬಳಸದ ಪಾತ್ರೆಯ ಹಾಗೆ ಅಟ್ಟ ಸೇರಿ ಯಾವ ಕಾಲವೋ ಆಗಿತ್ತು. ಅಡ್ಡಹೆಸರು ಇಟ್ಟವಳು ಅವಳ ಓರಗಿತ್ತಿ, ಎಂದರೆ ಗಂಡನ ಅಣ್ಣನ ಹೆಂಡತಿ. ಇಟ್ಟಾಗ ಇಬ್ಬರ ತಲೆಯಲ್ಲೂ ಒಂದು ಬಿಳಿ ಕೂದಲಿರಲಿಲ್ಲ. ಈಗ ಇಬ್ಬರದೂ ಹತ್ತಿ. ಆದರೂ ಬೀದಿಯಿಂದ ಯಾರಾದರೂ "ಕರಿಗೈ ಅಕ್ಕಾ" ಎಂದರೆ ಅವಳು ಪ್ರತಿ ಸಲವೂ ಮೊದಲು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. "ಹ್ಞಾಂ, ಬಂದೆ" ಎಂದು ನಗುತ್ತಲೇ ಎದ್ದು ಹೋಗುತ್ತಿದ್ದಳು.

ಆ ಮನೆಯ ಕಸುಬು ಮೇಜಿನ ಹಾಸುಗಳಿಗೆ ಮರದ ಅಚ್ಚಿನಿಂದ ಬಣ್ಣ ಒತ್ತುವುದು. ಮನೆಯ ಹಿಂದೆ ಉದ್ದನೆಯ ಶೆಡ್ಡು. ಅದರೊಳಗೆ ಹಳೆಯ ಕಂಬಳಿಗಳನ್ನು ಪದರ ಪದರವಾಗಿ ಹಾಸಿ ಮೆತ್ತಗೆ ಮಾಡಿದ ಉದ್ದನೆಯ ಮೇಜು. ಆ ಮೇಜಿನ ಮುಂದೆ ಅಚ್ಚು ಹಿಡಿದು ನಿಂತವರಿಗೆ ಮನೆಯಲ್ಲಿ ಮರ್ಯಾದೆ. ಹಿಂದುಗಡೆ ಕಲ್ಲಿನ ಮೇಲೆ ಬಟ್ಟೆ ಒಗೆಯುವವರು, ಮೂಲೆಯಲ್ಲಿ ಕೂತು ಅಂಚು ಮಡಿಸಿ ಹೊಲಿಯುವವರು ಇದ್ದೂ ಇಲ್ಲದವರು.

ಆ ಕೆಲಸದ ಒಂದು ಗುಟ್ಟನ್ನು ಇಲ್ಲೇ ಹೇಳಿಬಿಡಬೇಕು. ಕೆಂಪು ಬಣ್ಣವನ್ನು ಬಟ್ಟೆಯ ಮೇಲೆ ಯಾರೂ ಕೆಂಪಾಗಿ ಒತ್ತುವುದಿಲ್ಲ. ಒತ್ತುವುದು ಪಟಿಕದ ಗಂಜಿ. ಪಟಿಕಕ್ಕೆ ಬಣ್ಣವೇ ಇಲ್ಲ, ನೀರಿನ ಹಾಗೆ. ಒತ್ತಿದ್ದು ಎಲ್ಲಿ, ಬಿಟ್ಟಿದ್ದು ಎಲ್ಲಿ ಎಂದು ಕಣ್ಣಿಗೆ ಕಾಣಲಿ ಅಂತ ಅದಕ್ಕೆ ಚೂರು ಕಾವಿಮಣ್ಣು ಬೆರೆಸುತ್ತಾರೆ. ಹಸಿಯಿದ್ದಾಗ ಕಾವಿ ಗಾಢ, ಒಣಗಿದ ಮೇಲೆ ತಿಳಿ. ಒಗೆದಾಗ ಕಾವಿ ಹರಿದು ಹೋಗುತ್ತದೆ, ಪಟಿಕ ಮಾತ್ರ ಎಳೆಯೊಳಗೆ ಕಚ್ಚಿಕೊಂಡು ಕೂತಿರುತ್ತದೆ. ಆಮೇಲೆ ಹಂಡೆಯಲ್ಲಿ ಕೆಂಪು ಬೇರಿನ ನೀರಿಗೆ ಹಾಕಿ ಬಟ್ಟೆಯನ್ನು ಕುದಿಸಿದರೆ ಪಟಿಕ ಇದ್ದಲ್ಲೆಲ್ಲ ಕೆಂಪು ಏಳುತ್ತದೆ, ಇಲ್ಲದ ಕಡೆ ಬಟ್ಟೆ ತನ್ನ ಪಾಡಿಗೆ ತಾನು ಬಿಳುಪಾಗೇ ಉಳಿಯುತ್ತದೆ. ಪಟಿಕ ಹಸಿಯಿರುವಾಗ ಮಾತ್ರ ಬಟ್ಟೆಯನ್ನು ಮಡಿಸಬಾರದು. ಮಡಿಸಿದರೆ ಒಂದರ ಗುರುತು ಇನ್ನೊಂದಕ್ಕೆ ದಾಟುತ್ತದೆ. ಇದು ಆ ಮನೆಯಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತಿದ್ದ ಸಂಗತಿ.

ಕಪ್ಪಿನ ಕಥೆ ಬೇರೆ. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹಾಕಿ, ಮಡಕೆಯ ಬಾಯಿ ಕಟ್ಟಿ, ನೊರೆ ಎದ್ದು ಇಳಿಯುವ ತನಕ ಕಾಯಬೇಕು. ಆ ನೀರಿನಿಂದ ಬಂದ ಕಪ್ಪು ಬಟ್ಟೆ ಇರುವಷ್ಟು ದಿನವೂ ಇರುತ್ತದೆ. ಕಾಯುವ ತಾಳ್ಮೆ ಇಲ್ಲದವರು ಅಂಗಡಿಯಿಂದ ಅನ್ನಭೇದಿಯ ಹಸಿರು ಹರಳು ತಂದು ಸುರಿದುಬಿಡುತ್ತಾರೆ. ಕಪ್ಪು ಆ ಕ್ಷಣಕ್ಕೇ ಬರುತ್ತದೆ, ಎಮ್ಮೆಯ ಮೈಯ ಹಾಗೆ ಮಿರಿಮಿರಿ. ಆದರೆ ಅದು ಹೆಚ್ಚಾದರೆ ಒಳಗಿನಿಂದಲೇ ಬಟ್ಟೆಯನ್ನು ತಿನ್ನುತ್ತದೆ.

ದೊಡ್ಡ ಸೊಸೆ, ಅದೇ ಆ ಓರಗಿತ್ತಿ, ಮಾಡಿದ್ದು ಅದನ್ನೇ. ಆಗ ಮಾವ ಇನ್ನೂ ಬದುಕಿದ್ದರು. ಒಂದು ದೊಡ್ಡ ಊಟದ ಮನೆಗೆ ಹಾಸುಗಳು ಬೇಕಾಗಿದ್ದವು, ಅವಸರವಿತ್ತು, ಮಡಕೆಯ ನೊರೆ ಇಳಿದಿರಲಿಲ್ಲ. ಕಪ್ಪು ಕಲಸಿದವಳು ದೊಡ್ಡ ಸೊಸೆ, ಅಚ್ಚು ಹಾಕಿದವಳು ಚಿಕ್ಕವಳು. ಮಡಕೆಯ ಅಂಚಿಗೆ ಅಂಟಿದ್ದ ಹಸಿರು ಹರಳನ್ನು ಚಿಕ್ಕವಳು ನೋಡಿದಳು, ಕೇಳಿಯೂ ಕೇಳಿದಳು.

"ಅಕ್ಕಾ, ಇದೇನು ಹಸಿರಾಗಿದೆ?"

"ನಿನ್ನ ಕಣ್ಣು ಹಸಿರಾಗಿದೆ. ಸುಮ್ನೆ ಅಚ್ಚು ಹಾಕೇ."

ಹಾಕಿದಳು. ಆ ಹಾಸುಗಳು ಕೆಲವು ಸಲ ಒಗೆಸಿಕೊಂಡ ಮೇಲೆ ವಾಪಸು ಬಂದವು. ಬಳ್ಳಿ ಇದ್ದ ಕಡೆಯಲ್ಲೆಲ್ಲ ಬಳ್ಳಿಯಾಕಾರದ ತೂತು. ಎಲೆ ಇದ್ದಲ್ಲಿ ಎಲೆಯಾಕಾರದ ತೂತು. ಮಾವ ಒಂದನ್ನು ಬಾಗಿಲ ಬೆಳಕಿಗೆ ಹಿಡಿದರು. ಅಂಗಳವೆಲ್ಲ ಅದರೊಳಗಿಂದ ಕಾಣುತ್ತಿತ್ತು.

"ಯಾರು ಕಲಸಿದ್ದು?" ಎಂದು ಕೇಳಿದರು.

ಅಷ್ಟೊತ್ತಿಗೆ ದೊಡ್ಡ ಸೊಸೆ ಚಿಕ್ಕವಳ ಮಣಿಕಟ್ಟನ್ನು ಹಿಡಿದು ಮೇಲೆತ್ತಿ ಆಗಿತ್ತು. ಬೇರೆ ಯಾವುದೋ ಬಟ್ಟೆಗೆ ಅಚ್ಚು ಹಾಕುತ್ತಿದ್ದವಳ ಕೈ ಮಣಿಕಟ್ಟಿನ ತನಕ ಕಪ್ಪಾಗಿತ್ತು. "ನೋಡಿ ಮಾವ, ನೀವೇ ನೋಡಿ. ಕರಿಗೈ! ಕೇಳಿದ್ರೆ ಅಲ್ಲ ಅಂತಾಳೆ."

ಚಿಕ್ಕವಳು ಅಲ್ಲ ಎಂದಳು. ಮತ್ತೆ ಅಲ್ಲ ಎಂದಳು. ಗಂಡನ ಮುಖ ನೋಡಿದಳು. ಅವನಿಗೆ ಎಲ್ಲ ಗೊತ್ತಿತ್ತು, ಅನ್ನಭೇದಿಯ ಪೊಟ್ಟಣ ಬಿಚ್ಚುವುದನ್ನು ಅವನೂ ಕಂಡಿದ್ದ. ಅವನು ಅಂಗಿಯ ಗುಂಡಿಯನ್ನು ಅದು ಇವತ್ತು ತಾನೇ ಹುಟ್ಟಿದ್ದು ಎಂಬಂತೆ ನೋಡುತ್ತ ನಿಂತಿದ್ದ. ಮಾವ ಅವಳ ಕೈಯಿಂದ ಅಚ್ಚು ಇಸಕೊಂಡರು. ಬೈಯಲಿಲ್ಲ. ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳೇನೋ.

ಅಂದಿನಿಂದ ಅವಳಿಗೆ ಒಗೆಯುವ ಕಲ್ಲು, ಮಡಿಸುವ ಮೂಲೆ. ಮಾವ ಹೋದರು, ಭಾವ ಹೋದರು, ಅವಳ ಗಂಡನೂ ಹೋದ. ಸಾಯುವ ಮುಂಚೆ ಅವನು ಏನನ್ನೋ ಹೇಳಲು ಬಾಯಿ ತೆರೆದಿದ್ದ. ಅವಳು ನೀರು ಹಾಕಿ ಮುಚ್ಚಿಸಿದಳು. ಆಗ ಹೇಳದವನ ಮಾತು ಈಗ ಯಾರಿಗೆ ಬೇಕು? ಶೆಡ್ಡಿಗೆ ದೊಡ್ಡ ಸೊಸೆಯೇ ಯಜಮಾನಿಯಾದಳು.

ಹಾಗಂತ ಕರಿಗೈ ಜಗಳವಾಡಿದವಳಲ್ಲ. ಜಗಳವಾಡಿದರೆ ಸಿಟ್ಟು ಖರ್ಚಾಗುತ್ತದೆ. ಅವಳು ಖರ್ಚು ಮಾಡದೆ ಇಟ್ಟುಕೊಂಡಳು. ಯಜಮಾನಿಗೆ ಊಟ ಬಡಿಸಿದಳು, ಜ್ವರ ಬಂದಾಗ ಹಣೆಗೆ ತಣ್ಣೀರು ಬಟ್ಟೆ ಹಾಕಿದಳು. ಹಾಕುತ್ತಲೇ ಇವಳು ಈಗ ಸಾಯಬಾರದು ಎಂದುಕೊಂಡಳು. ನೋಡುವ ಜನ "ತಂಗಿ ಅಂದರೆ ಇವಳಪ್ಪಾ" ಎಂದರು.

ಅವಳಿಗೊಬ್ಬಳೇ ಮಗಳು. ಅಮ್ಮನ ತಾಳ್ಮೆಯ ಜೊತೆಗೆ ಅಮ್ಮನಿಗಿಲ್ಲದ ನಗು ಇದ್ದ ಹುಡುಗಿ. ಮೂಲೆಯಲ್ಲಿ ಕೂತು ಅಂಚು ಹೊಲಿಯುತ್ತಲೇ ಮೇಜಿನ ಕೆಲಸವನ್ನೆಲ್ಲ ಕಣ್ಣಿನಲ್ಲೇ ಕಲಿತಿದ್ದಳು. ಒಂದು ದಿನ ಯಜಮಾನಿ ತಾನಾಗಿಯೇ ಕರೆದಳು.

"ಬಾರೇ ಇಲ್ಲಿ. ಒಂದು ಚಿಕ್ಕ ಹಾಸು ಕೊಡ್ತೀನಿ, ನೀನೇ ಒತ್ತು. ಹಂಡೆಯಿಂದ ಚೊಕ್ಕವಾಗಿ ಎದ್ದು ಬಂದ್ರೆ ಮೇಜಿನ ಹತ್ರ ನಿನಗೊಂದು ಜಾಗ. ಕಲೆ ಬಿತ್ತೋ, ವಾಪಸು ನಿಮ್ಮಮ್ಮನ ಪಕ್ಕ."

"ಕಲೆ ಬೀಳಲ್ಲ ದೊಡ್ಡಮ್ಮಾ."

"ನಿಮ್ಮಮ್ಮನೂ ಹಾಗೇ ಅಂತಿದ್ದಳು."

ಹೀಗಂದು ಯಜಮಾನಿ ನಕ್ಕಳು. ಬಾಗಿಲ ಬಳಿ ಬಟ್ಟೆಯ ಗಂಟು ಹೊತ್ತು ನಿಂತಿದ್ದ ಕರಿಗೈ ಕೂಡ ನಕ್ಕಳು.

ಆ ವಾರವೇ ಯಜಮಾನಿ ತನ್ನ ಜೀವಮಾನದ ಹಾಸನ್ನು ಒತ್ತುತ್ತಿದ್ದಳು. ಒಂದು ಹೊಸ ಹೋಟೆಲಿನ ದೊಡ್ಡ ಮೇಜಿಗೆ ಅದು. ಸುತ್ತ ಕಪ್ಪು ಬಳ್ಳಿ, ಕೆಂಪು ಹೂವು. ನಡುವೆ ಬರೀ ಬಿಳಿ. ಆ ನಡುಬಿಳಿಯೇ ಅದರ ಹೆಚ್ಚುಗಾರಿಕೆ. ಹೂವನ್ನು ಯಾರು ಬೇಕಾದರೂ ಒತ್ತಬಹುದು, ಅಷ್ಟಗಲ ಜಾಗವನ್ನು ಒಂದು ತೊಟ್ಟೂ ಬೀಳದಂತೆ ಹಂಡೆ ದಾಟಿಸುವುದು ಎಲ್ಲರ ಕೈಲಾಗದ ಕೆಲಸ. ಹೋಟೆಲಿನ ಮೇಡಂ ತಾನೇ ಬಂದು ಹಂಡೆಯಿಂದ ಬಟ್ಟೆ ಏಳುವುದನ್ನು ನೋಡುತ್ತೇನೆ ಎಂದಿದ್ದಳು. ಯಜಮಾನಿ ಓಣಿಯ ಅಚ್ಚಿನವರನ್ನೆಲ್ಲ ಕರೆದಿದ್ದಳು. "ಬಂದು ನೋಡಿ, ಕಣ್ಣು ತುಂಬಿಸಿಕೊಂಡು ಹೋಗಿ" ಎಂದು ಮನೆಮನೆಗೆ ಹೇಳಿ ಬಂದಿದ್ದಳು.

ಕರಿಗೈ ಇದನ್ನು ಕೇಳಿದ ದಿನ ಅನ್ನ ಎರಡು ಸಲ ಹಾಕಿಸಿಕೊಂಡು ಉಂಡಳು.

ಒತ್ತಿದ್ದು ಮುಗಿದು, ಹಾಸು ಮೇಜಿನ ಮೇಲೆಯೇ ಒಣಗಿತ್ತು. ಒಣಗಿದ್ದನ್ನು ಮಡಿಸಿ ಇಡುವುದು ಕರಿಗೈಯ ಕೆಲಸ. ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದ ಹೊತ್ತಿನಲ್ಲಿ ಅವಳು ಶೆಡ್ಡಿಗೆ ಬಂದಳು. ತಗಡಿನ ಮಾಡು ಬಿಸಿಲಿಗೆ ಟಪ್ ಟಪ್ ಎನ್ನುತ್ತಿತ್ತು. ಅಗಲವಾದ ತಟ್ಟೆಯಲ್ಲಿ ಪಟಿಕದ ಗಂಜಿ ಹಾಕಿಕೊಂಡಳು. ಕಾವಿ ಬೆರೆಸಲಿಲ್ಲ.

ಎರಡೂ ಅಂಗೈಗಳನ್ನು ತಟ್ಟೆಯಲ್ಲಿ ಅದ್ದಿ, ನಡುಬಿಳಿಯ ಮೇಲೆ ಬೆರಳಗಲಿಸಿ ಒತ್ತಿದಳು. ಎತ್ತಿದರೆ ಏನೂ ಇಲ್ಲ. ಬಟ್ಟೆ ಅದೇ ಬಟ್ಟೆ, ಬರೀ ಒಂದಿಷ್ಟು ತಂಪು. ಮತ್ತೆ ಅದ್ದಿದಳು, ಪಕ್ಕದಲ್ಲಿ ಒತ್ತಿದಳು. ಎಷ್ಟು ಕಾಲದಿಂದ ಆ ಮೇಜಿನ ಮೇಲೆ ಏನನ್ನೂ ಒತ್ತದ ಕೈ ಅದು. ಮೆತ್ತನೆಯ ಕಂಬಳಿ ಅಂಗೈಯ ಕೆಳಗೆ ತಗ್ಗಿ ಮೇಲೇಳುವುದು ಅವಳಿಗೆ ನೆನಪಾಯಿತು, ಸುಖವೂ ಆಯಿತು. ತಗೋ, ಎಂದಳು. ಇದು ಮಾವನ ಮುಂದೆ ನೀನು ಎತ್ತಿ ಹಿಡಿದ ಕೈ. ಇದೂ ತಗೋ. ಬಲಗೈಯ ಕಿರುಬೆರಳು ಸೊಟ್ಟ, ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿದ್ದು. ಅದನ್ನೂ ಬಿಡದೆ ಚೆನ್ನಾಗಿ ಒತ್ತಿದಳು. ಯಾರ ಕೈ ಎಂದು ಯಜಮಾನಿಗೆ ಗೊತ್ತಾಗಬೇಕು. ಗೊತ್ತಾಗಿಯೂ ಊರೆದುರು ಹೇಳಲಾಗದೆ ಒದ್ದಾಡಬೇಕು. ಯಾಕೆ ಎಂದು ಮೇಡಂ ಕೇಳಿದರೆ ಏನಂತ ಹೇಳಿಯಾಳು?

ಆಗ ಒಳಗಿನಿಂದ ಯಜಮಾನಿಯ ಕೆಮ್ಮು ಕೇಳಿತು, ಚಪ್ಪಲಿ ಎಳೆಯುವ ಸದ್ದೂ ಕೇಳಿತು.

ಕರಿಗೈ ಬಗ್ಗಿ ಬಟ್ಟೆ ನೋಡಿದಳು. ಕಾವಿ ಇದ್ದಿದ್ದರೆ ಬಣ್ಣ ನೋಡಿಯೇ ಹಸಿಯೋ ಒಣಗಿತೋ ಎಂದು ತಿಳಿಯುತ್ತಿತ್ತು. ಕಾಣದ್ದನ್ನು ಏನಂತ ನೋಡುವುದು? ಕೈಯಿಂದ ಮುಟ್ಟಿ ನೋಡೋಣವೆಂದರೆ ಕೈಯೇ ಪಟಿಕ. ಇಷ್ಟು ಬಿಸಿಲಿಗೆ ಒಣಗಿರುತ್ತದೆ ಎಂದುಕೊಂಡು ಬರಬರನೆ ಮಡಿಸಿ, ಬಾಗಿಲ ಪಕ್ಕದ ಬಟ್ಟೆಯ ರಾಶಿಯ ಮೇಲಿಟ್ಟು, ಸುಕ್ಕು ಹೋಗಲೆಂದು ಯಾವಾಗಲೂ ಹೇರುವ ಮಣೆಯನ್ನು ಹೇರಿದಳು. ಕೆಳಗೆ ಯಾವ ಬಟ್ಟೆ ಇದೆ ಎಂದು ನೋಡಲಿಲ್ಲ. ಅಂಥ ಕಡೆ ನೋಡದೆ ಕೈ ಹಾಕಿದವಳೇ ಅಲ್ಲ ಅವಳು.

"ಏನೇ, ನಿದ್ದೆ ಬರಲಿಲ್ವಾ ಮಹಾರಾಣಿಗೆ?" ಯಜಮಾನಿ ಬಾಗಿಲಲ್ಲಿ ನಿಂತು ಆಕಳಿಸಿದಳು.

"ನಿಮ್ಮ ಬಟ್ಟೆ ಮಡಿಸಿ ಇಟ್ಟೆ ಅಕ್ಕಾ."

"ನಡುಬಿಳಿ ಮುಟ್ಟಲಿಲ್ಲ ತಾನೇ?"

"ಅಯ್ಯೋ, ನಾನ್ಯಾಕೆ ಮುಟ್ಟಲಿ."

ಒಗೆದದ್ದೂ ಅವಳೇ. ಹರಿಯುವ ನೀರಿನಲ್ಲಿ ಕಾವಿ ಕರಗಿ ಹೋಯಿತು. ಹೂವುಗಳೆಲ್ಲ ಮಾಯವಾಗಿ ಬರೀ ಕಪ್ಪು ಬಳ್ಳಿ ಉಳಿಯಿತು. ಮಗಳ ಚಿಕ್ಕ ಹಾಸನ್ನೂ ಅಷ್ಟೇ ಅಕ್ಕರೆಯಿಂದ ಒಗೆದಳು. ಹಿಂಡುವಾಗ ಅದು ಮಗುವಿನ ಬಟ್ಟೆಯ ಹಾಗೆ ಅನ್ನಿಸಿತು. ನಾಳೆ ಒಂದೇ ಹಂಡೆಯಿಂದ ಒಬ್ಬಳು ಏಳುತ್ತಾಳೆ, ಒಬ್ಬಳು ಮುಳುಗುತ್ತಾಳೆ ಎಂದುಕೊಂಡಳು.

ಹಂಡೆಯ ಕೆಲಸಕ್ಕೆ ಒಬ್ಬ ಮುದುಕನಿದ್ದ, ಹಂಡೆಯಜ್ಜ. ಹಬೆಯಲ್ಲಿ ಕಣ್ಣು ಸಣ್ಣದಾಗಿ, ಹುಬ್ಬು ಉದುರಿಹೋಗಿ, ಬೇಯಿಸಿದ ಗೆಣಸಿನ ಹಾಗಿದ್ದ. ಮರುದಿನ ಬೆಳಿಗ್ಗೆ ಅಂಗಳದ ತುಂಬ ಜನ. ಮೇಡಂಗೆ ಕುರ್ಚಿ ಹಾಕಿತ್ತು. ಯಜಮಾನಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಹಂಡೆಯ ಪಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಅಜ್ಜಾ, ಹುಷಾರು, ಕೋಲು ತಾಗಿಸಬೇಡ."

"ನಿನ್ನ ಗಂಡ ಹುಟ್ಟೋಕೆ ಮುಂಚಿನಿಂದ ಬಟ್ಟೆ ಬೇಯಿಸ್ತಿದ್ದೀನಿ. ಬಾಯಿ ಮುಚ್ಚಿಕೊಂಡು ನಿಂತ್ಕೊ" ಎಂದ ಹಂಡೆಯಜ್ಜ. ಜನ ನಕ್ಕರು.

ಕೆಂಪು ನೀರು ಕೊತಕೊತ ಕುದಿಯಿತು. ಕರಿಗೈ ಕಟ್ಟಿಗೆ ಒಟ್ಟುತ್ತ ಒಲೆಯ ಬಾಯಲ್ಲೇ ಕೂತಿದ್ದಳು. ಮುಖಕ್ಕೆ ಶಾಖ ಬಡಿಯುತ್ತಿತ್ತು, ಎದ್ದು ಹೋಗಲು ಮನಸ್ಸಾಗಲಿಲ್ಲ. ಅಜ್ಜ ಕೋಲಿನಿಂದ ದೊಡ್ಡ ಹಾಸನ್ನು ಎತ್ತಿ ಹಗ್ಗದ ಮೇಲೆ ಹರಡಿದ. ಮೊದಲು ಹೂವುಗಳು ಕಂಡವು, ಹಣ್ಣಿನ ಕೆಂಪು. ಜನ ಆಹಾ ಎಂದರು. ಮಡಿಕೆ ಬಿಚ್ಚಿತು. ಆಹಾ ಅಲ್ಲೇ ನಿಂತಿತು.

ನಡುಬಿಳಿಯ ತುಂಬ ಕೈಗಳು. ಕೆಂಪು ಕೈಗಳು, ಒಂದರ ಮೇಲೊಂದು, ಮುಳುಗುತ್ತಿರುವವರು ಬೆರಳಗಲಿಸಿ ಎತ್ತಿದ ಹಾಗೆ.

ಮೇಡಂ ಕುರ್ಚಿಯಿಂದ ಎದ್ದಳು. "ಏನಿದು? ಕೊಲೆ ಆದ ಮನೆ ಗೋಡೆ ಇದ್ದ ಹಾಗಿದೆ! ನಮ್ಮಲ್ಲಿಗೆ ಬಂದೋರು ಇದರ ಮೇಲೆ ತಟ್ಟೆ ಇಟ್ಕೊಂಡು ಊಟ ಮಾಡಬೇಕಾ?"

ಯಜಮಾನಿಯ ತುಟಿ ಅಲುಗಿತು, ಮಾತು ಬರಲಿಲ್ಲ. ಜೀವನದಲ್ಲಿ ಮೊದಲ ಸಲ. ಕರಿಗೈ ಒಲೆಯ ಬಳಿಯಿಂದ ಆ ತುಟಿಯನ್ನೇ ನೋಡಿದಳು. ಬಾಯಾರಿದವರು ನೀರು ಕುಡಿಯುವ ಹಾಗೆ ನೋಡಿದಳು.

ಅಷ್ಟರಲ್ಲಿ ಹಂಡೆಯಜ್ಜ ಮಗಳ ಚಿಕ್ಕ ಹಾಸನ್ನು ಎತ್ತಿದ.

"ಅಯ್ಯೋ, ಇಲ್ಲೂ ಇದ್ಯಲ್ಲಪ್ಪ ಒಂದು" ಎಂದ.

ಅದರ ನಡುವೆ ಮಾಸಲು ಕೆಂಪಿನ ಒಂದು ಅಂಗೈ. ಮೇಲಿನ ಬಟ್ಟೆಯಿಂದ, ಮಣೆಯ ಭಾರಕ್ಕೆ, ಸದ್ದಿಲ್ಲದೆ ಇಳಿದು ಬಂದದ್ದು. ಕರಿಗೈಗೆ ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ರಾಶಿಯ ಮೇಲ್ಗಡೆ ಇದ್ದದ್ದು ಮಗಳ ಬಟ್ಟೆ. ಅದರ ಮೇಲೆ ಹಸಿ ಪಟಿಕ ಹೇರಿದವಳು ತಾನು.

ಯಜಮಾನಿಗೆ ಕಳೆದುಹೋದ ಮಾತು ಸಿಕ್ಕಿಬಿಟ್ಟಿತು.

"ನೋಡಿ ಮೇಡಂ, ನೋಡಿ! ಎರಡರಲ್ಲೂ ಒಂದೇ ಕೈ. ಇದು ಕಲಿಯೋಕೆ ಬಂದ ಹುಡುಗಿ ಬಟ್ಟೆ. ಪಟಿಕದ ಕೈ ತೊಳೆಯದೆ ಕಂಡಕಂಡಲ್ಲಿ ಊರಿದ್ದಾಳೆ. ಮೇಜಿನ ಹತ್ರ ಬಿಟ್ಟಿದ್ದೇ ನನ್ನ ತಪ್ಪು. ಇವಳಮ್ಮನೂ ಹೀಗೇ ಮಾಡಿದ್ದು. ಕರಿಗೈ ಹೊಟ್ಟೇಲಿ ಹುಟ್ಟಿದ್ದು ಕೆಂಪುಗೈ!"

"ನಾನಲ್ಲ ದೊಡ್ಡಮ್ಮಾ" ಎಂದಳು ಮಗಳು. "ದೇವರಾಣೆ ನಾನಲ್ಲ." ಅವಳು ಸುತ್ತ ನೋಡಿದಳು, ಕೊನೆಗೆ ಅಮ್ಮನ ಮುಖ ನೋಡಿದಳು.

ಆ ನೋಟ ಕರಿಗೈಗೆ ಗೊತ್ತಿತ್ತು. ಒಂದು ಕಾಲದಲ್ಲಿ ಇದೇ ಮನೆಯಲ್ಲಿ ತಾನು ಗಂಡನ ಕಡೆ ಹಾಗೇ ನೋಡಿದ್ದಳು. ಈಗ ಬಾಯಿ ಬಿಡದೆ ಕೂತರೆ ಯಜಮಾನಿಯ ಹಾಸು ಹಾಳಾಗಿ ಹೋಗುತ್ತದೆ, ಮಾಡಿದವಳು ತಾನೆಂದು ಯಾರಿಗೂ ತಿಳಿಯುವುದಿಲ್ಲ, ಮಗಳು ಮಾತ್ರ ಹೊಸ ಅಡ್ಡಹೆಸರು ಹೊತ್ತು ಮೂಲೆಗೆ ಹೋಗುತ್ತಾಳೆ. ಅವಳು ಅಂಗಿಯ ಗುಂಡಿ ನೋಡುವ ಜಾತಿಯವಳಲ್ಲ. ಕೈಯಲ್ಲಿದ್ದ ಕಟ್ಟಿಗೆಯನ್ನು ಒಲೆಗೆ ತುರುಕಿ ಎದ್ದಳು.

ಹಗ್ಗದ ಬಳಿ ಹೋಗಿ, ಹಬೆಯಾಡುತ್ತಿದ್ದ ಬಟ್ಟೆಯ ಮೇಲೆ ಬಲಗೈ ಊರಿದಳು. ಚುರ್ ಎಂದಿತು. ತೆಗೆಯಲಿಲ್ಲ. ಸೊಟ್ಟ ಕಿರುಬೆರಳು ಕೆಂಪು ಕಿರುಬೆರಳ ಮೇಲೆ ಸರಿಯಾಗಿ ಕೂತಿತು.

"ಹುಡುಗೀದಲ್ಲ. ನಂದು. ಬೇಕಂತಲೇ ಒತ್ತಿದ್ದು."

ಹಂಡೆಯಜ್ಜ "ಅದಕ್ಕೇ ಒಲೆ ಬಿಟ್ಟು ಏಳಲಿಲ್ಲ ಈಯಮ್ಮ" ಎಂದು ಗೊಣಗಿದ.

"ಯಾಕೇ?" ಯಜಮಾನಿ ಕೇಳಿದಳು. "ನಾನು ನಿಂಗೇನು ಅನ್ಯಾಯ ಮಾಡಿದ್ದೆ? ಕೂತಲ್ಲೇ ಊಟ ಹಾಕಿಲ್ವಾ?"

"ಅನ್ನಭೇದಿ ಸುರಿದವಳು ನೀನು. ಎತ್ತಿ ತೋರಿಸಿದ್ದು ನನ್ನ ಕೈ." ಅಷ್ಟು ವರ್ಷ 'ನೀವು' ಎನ್ನುತ್ತಿದ್ದವಳು ಅವತ್ತು 'ನೀನು' ಎಂದಳು. "ಇಲ್ಲಿ ಎಲ್ಲರ ಮುಂದೆ ಹೇಳು. ಕಲಸಿದ್ದು ಯಾರು?"

ಯಜಮಾನಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. ನಟನೆಯಲ್ಲ, ನಿಜವಾಗಿಯೂ ಯೋಚಿಸಿದಳು. ಆಮೇಲೆ ಮುಖ ಸಡಿಲವಾಯಿತು.

"ಓ, ಅದಾ! ಹೌದಲ್ವಾ, ಹಾಕಿದ್ದೆ. ಅವಸರ ಇತ್ತು, ಹಾಕಿದ್ದೆ. ಯಾರು ಹಾಕಲ್ಲ ಹೇಳು? ಅಷ್ಟಕ್ಕೆ ಇಷ್ಟು ಮಾಡಿದ್ಯಾ? ನಾನು ಮರೆತೇ ಬಿಟ್ಟಿದ್ದೆ ಕಣೇ."

ಕರಿಗೈ ಎಷ್ಟೋ ಬಗೆಯ ಉತ್ತರಗಳಿಗೆ ತಯಾರಾಗಿದ್ದಳು. ಇಲ್ಲ ಎಂದರೆ ಏನನ್ನಬೇಕು, ಅತ್ತರೆ ಏನನ್ನಬೇಕು, ಕಾಲಿಗೆ ಬಿದ್ದರೆ ಎಷ್ಟು ಹೊತ್ತು ಬಿಡಬೇಕು ಎಂದೆಲ್ಲ ಒಗೆಯುವ ಕಲ್ಲಿನ ಮುಂದೆ ನಿಂತು ಲೆಕ್ಕ ಹಾಕಿದ್ದಳು. ಇದಕ್ಕೆ ತಯಾರಾಗಿರಲಿಲ್ಲ. ತಾನು ಇಷ್ಟು ಕಾಲ ಎದೆಗೆ ಅವುಚಿಕೊಂಡು ಕಾದಿಟ್ಟದ್ದು ಅವಳ ನೆನಪಿನಲ್ಲೂ ಇರಲಿಲ್ಲ.

ಆದರೆ ಓಣಿಯವರು ಕೇಳಿಸಿಕೊಂಡಿದ್ದರು. ಹಿಂದಿನಿಂದ ಯಾರೋ "ಹಾಗಾದ್ರೆ ಆ ತೂತಿನ ಬಟ್ಟೆ ಇವಳದಾ?" ಎಂದರು. ಇನ್ನೊಬ್ಬರು "ಥೂ" ಎಂದರು. ಯಜಮಾನಿಯ ಮುಖ ಆಗ ನಿಧಾನವಾಗಿ ಬದಲಾಯಿತು, ಬಿಸಿನೀರಿಗೆ ಬಿದ್ದ ಬಟ್ಟೆಯ ಹಾಗೆ.

ಮೇಡಂ ಕೈಚೀಲ ಹೆಗಲಿಗೇರಿಸಿದಳು. "ನಿಮ್ಮನೆ ಜಗಳ ನಂಗೆ ಬೇಡಮ್ಮ. ನಂಗೆ ಹಾಸು ಬೇಕು. ಬಿಳಿ ಜಾಗ ಬಿಳಿಯಾಗಿರಬೇಕು, ಕಪ್ಪು ತೂತಾಗಬಾರದು. ಇಲ್ಲಿ ಆಗಲ್ಲ ಅಂದ್ರೆ ಪಕ್ಕದ ಶೆಡ್ಡಿಗೆ ಹೋಗ್ತೀನಿ."

"ನಾನು ಒತ್ತಿಕೊಡ್ತೀನಿ" ಎಂದಳು ಕರಿಗೈ. "ನಾನು, ನನ್ನ ಮಗಳು. ಕಪ್ಪು ನೊರೆ ಇಳಿಯೋ ತನಕ ಕಾದೇ ಕಲಸ್ತೀನಿ. ಒಗೆಯೋದು, ಮಡಿಸೋದು ಇವಳು."

"ಇವಳು ಅಂದ್ರೆ ಯಾರು? ನಾನಾ?" ಯಜಮಾನಿ ಎದೆ ಮುಟ್ಟಿಕೊಂಡಳು.

"ಒಗೆಯೋಳು ಒಗೆದ್ರೆ ಇಲ್ಲಿ ಆಗುತ್ತೆ. ಇಲ್ಲಾಂದ್ರೆ ಪಕ್ಕದ ಶೆಡ್ಡು ಇದೆಯಲ್ಲ. ಯಜಮಾನಿ ನೀನು, ನೀನೇ ಹೇಳು."

ಮೇಡಂ ಕರಿಗೈಯ ಕಡೆ ತಿರುಗಿದಳು. "ಅಲ್ಲಮ್ಮ, ನಿನ್ನ ಕೈಗೆ ಕೊಟ್ರೆ ಮತ್ತೆ ಹೀಗೇ ಕೈ ಮೂಡಿಸಲ್ಲ ಅಂತ ಏನು ನಂಬಿಕೆ?"

"ಇಲ್ಲ ಮೇಡಂ. ಸಿಟ್ಟು ತೀರಿತು."

ಅದು ಸುಳ್ಳು. ಆದರೆ ಮುಖದಲ್ಲಿ ಗೊತ್ತಾಗಲಿಲ್ಲ. ಯಜಮಾನಿ ಓಣಿಯವರನ್ನು ನೋಡಿದಳು, ಹಂಡೆಯಜ್ಜನನ್ನು ನೋಡಿದಳು. ಅವನು ಕೋಲು ಒರಗಿಸಿ ಬೀಡಿ ಹುಡುಕುತ್ತಿದ್ದ. ಯಾರೂ ಅವಳ ಪರವಾಗಿ ಬಾಯಿ ತೆರೆಯಲಿಲ್ಲ. "ಆಯ್ತು" ಎಂದಳು, ತನಗೇ ಕೇಳಿಸದ ಹಾಗೆ.

ಸಾಯಂಕಾಲ ತನ್ನ ಚಿಕ್ಕ ಹಾಸನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ ಮಗಳು ತಲೆ ಎತ್ತದೆ ಕೇಳಿದಳು. "ಮಡಿಸಿ ಇಡೋವಾಗ ಕೆಳಗೆ ಯಾರದಿದೆ ಅಂತ ನೋಡಲಿಲ್ವಾ ಅಮ್ಮಾ?"

"ನೋಡಲಿಲ್ಲ ಕಣೇ."

"ಹ್ಞೂಂ."

ಅಷ್ಟೇ. ಅಷ್ಟಕ್ಕೆ ಕರಿಗೈ ರೊಟ್ಟಿ ಮುರಿದು ಹಾಗೇ ಇಟ್ಟಳು.

ಈಗ ಶೆಡ್ಡಿನ ಹಿಂದೆ ಕಲ್ಲಿನ ಮೇಲೆ ಬಟ್ಟೆ ಬಡಿಯುವವಳು ದೊಡ್ಡ ಸೊಸೆ. ನೀರಿಗೆ ಬಗ್ಗಿದರೆ ಸೊಂಟ ಹಿಡಿಯುತ್ತದೆ, ನೆಟ್ಟಗಾದರೆ ಮಂಡಿ ಹಿಡಿಯುತ್ತದೆ. ಬೈಯುತ್ತಲೇ ಒಗೆಯುತ್ತಾಳೆ, ಒಗೆದು ತಂದು ಕೊಡುತ್ತಾಳೆ. ಕರಿಗೈ ಬಟ್ಟೆಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ನೋಡುತ್ತಾಳೆ. ಚೊಕ್ಕವಾಗಿಯೇ ಇರುತ್ತದೆ. "ಇಲ್ಲಿ ಕಾವಿ ಉಳಿದಿದೆ, ಅಕ್ಕಾ" ಎಂದು ವಾಪಸು ಕೊಡುತ್ತಾಳೆ. ಓಣಿಯವರು ಇನ್ನೂ ಕರಿಗೈ ಎಂದೇ ಕೂಗುತ್ತಾರೆ, ರೂಢಿ ಬಿಡುವುದಿಲ್ಲವಲ್ಲ. ಅವಳು ಅಚ್ಚು ಹಿಡಿದುಕೊಂಡೇ ಓಗೊಡುತ್ತಾಳೆ.

ಮೇಜಿನ ಇನ್ನೊಂದು ತುದಿಯಲ್ಲಿ ಮಗಳು. ಅವಳ ಒತ್ತು ಗಟ್ಟಿ, ಗೆರೆ ನೇರ, ನಗುವೂ ವಾಪಸು ಬಂದಿದೆ, ಆದರೆ ಅದು ಹಂಡೆಯಜ್ಜನ ಜೊತೆಗೆ. ಬಟ್ಟೆಯ ಚುಂಗು ಹಿಡಿಯಲು ಅಮ್ಮ ಹತ್ತಿರ ಬಂದರೆ ಅಚ್ಚನ್ನು ಎತ್ತಿ ಹಿಡಿದು ನಿಲ್ಲಿಸುತ್ತಾಳೆ.

"ಕೈ ತೋರಿಸಮ್ಮಾ."

"ತೊಳೆದಿದ್ದೀನಿ ಕಣೇ."

"ತೋರಿಸು."

ಕರಿಗೈ ಎರಡೂ ಕೈ ಚಾಚುತ್ತಾಳೆ, ಈ ಕಡೆ, ಆ ಕಡೆ. ಮಗಳು ಮೂಗಿನ ಹತ್ತಿರ ಹಿಡಿದು ನೋಡಿ, ಒದ್ದೆ ಬಟ್ಟೆಯಿಂದ ಬೆರಳ ಸಂದಿಯನ್ನೆಲ್ಲ ಒರೆಸಿ, ಆಮೇಲೆ "ಹಿಡ್ಕೊ" ಎನ್ನುತ್ತಾಳೆ. ಇದು ದಿನವೂ ನಡೆಯುತ್ತದೆ. ಹಿಂದಿನ ಕಲ್ಲಿನ ಬಳಿಯಿಂದ ದೊಡ್ಡ ಸೊಸೆ ಅದನ್ನು ನೋಡಿ ಕಿಸಕ್ಕನೆ ನಗುತ್ತಾಳೆ.

ಕರಿಗೈ ತಿರುಗಿ ನೋಡುವುದಿಲ್ಲ. ಬಟ್ಟೆಯ ಚುಂಗನ್ನು ನೇರ ಹಿಡಿದು ನಿಲ್ಲುತ್ತಾಳೆ. ಆ ನಗು ಎಲ್ಲಿಂದ ಬಂತು, ಎಷ್ಟು ಹೊತ್ತು ಇತ್ತು ಎಂದು ಮಾತ್ರ ಸರಿಯಾಗಿ ಕೇಳಿಸಿಕೊಳ್ಳುತ್ತಾಳೆ.